ತೆರೆಯುವುದು, ಬಿಚ್ಚುವುದು, ತೆಗೆಯುವುದು: ಅತಿ ಸಣ್ಣ ಕತೆಯ ಆಘಾತಾಂತ್ಯವನ್ನು ಓದುವ ಬಗೆ

ಅತಿ ಸಣ್ಣ ಕತೆಯೊಂದರ ಕೊನೆಯ ಸಾಲು ಓದುಗರನ್ನು ಬೆಚ್ಚಿಬೀಳಿಸಿದರೆ ಅದನ್ನು ‘ತಿರುವು’ ಎಂದು ಕರೆದು ಮುಂದೆ ಸಾಗುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿದೆ. ಈ ಒಂದೇ ಹೆಸರಿನಡಿ ಎರಡು ಭಿನ್ನ ಸಂಗತಿಗಳು ಸೇರಿಕೊಂಡಿವೆ. ಮೊದಲನೆಯದರಲ್ಲಿ ಆಘಾತ ಇರುವುದು ಘಟನೆಯಲ್ಲಿ. ಕತೆಗಾರ ಬಚ್ಚಿಟ್ಟಿದ್ದ ಮಾಹಿತಿ ಕಡೆಗೆ ಹೊರಬೀಳುತ್ತದೆ. ಮೊಪಾಸಾನ ‘ನೆಕ್ಲೇಸ್’ (1884) ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಕಳೆದುಹೋದ ಹಾರ ನಕಲಿಯದು ಎಂಬ ಸುದ್ದಿಯನ್ನು ಯಾವ ಭಾಷೆಯಲ್ಲಿ ಯಾವ ಮಾತುಗಳಿಂದ ಹೇಳಿದರೂ, ಅದಕ್ಕಾಗಿ ಹತ್ತು ವರ್ಷ ದುಡಿದು ಸವೆದ ಹೆಣ್ಣಿನ ಪಾಡು ನಮಗೆ ತಟ್ಟುತ್ತದೆ. ಎರಡನೆಯದರಲ್ಲಿ ಆಘಾತ ಇರುವುದು ಒಂದು ಪದದಲ್ಲಿ. ಅದೇ ಪದವನ್ನು ಇಬ್ಬರು ಎರಡು ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ. ಆ ಎರಡು ಅರ್ಥಗಳ ನಡುವಿನ ಅಂತರವೇ ಕತೆ. ಪದವನ್ನು ಬದಲಿಸಿದರೆ ಕತೆ ಉಳಿಯುವುದಿಲ್ಲ.

ಈ ಎರಡನೆಯ ಬಗೆಯನ್ನು ಗುರುತಿಸಲು ಭಾರತೀಯ ಕಾವ್ಯಮೀಮಾಂಸೆ ಒಂದು ಸರಳ ಪರೀಕ್ಷೆಯನ್ನು ಕೊಟ್ಟಿದೆ. ಒಂಬತ್ತನೆಯ ಶತಮಾನದ ಆನಂದವರ್ಧನನ ‘ಧ್ವನ್ಯಾಲೋಕ’ದಿಂದ ಬೆಳೆದುಬಂದ ವಿಂಗಡಣೆಯಲ್ಲಿ ಶಬ್ದಶಕ್ತಿಮೂಲ, ಅರ್ಥಶಕ್ತಿಮೂಲ ಎಂಬ ಎರಡು ಕವಲುಗಳಿವೆ. ಪದದ ಜಾಗದಲ್ಲಿ ಅದರ ಪರ್ಯಾಯಪದವನ್ನಿಟ್ಟಾಗ ಧ್ವನಿ ಅಳಿದುಹೋದರೆ ಅದು ಶಬ್ದಶಕ್ತಿಮೂಲ, ಉಳಿದರೆ ಅರ್ಥಶಕ್ತಿಮೂಲ. ಅಲಂಕಾರಶಾಸ್ತ್ರದ ತರಗತಿಯಲ್ಲಿ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಶ್ಲೇಷದ ಪದ್ಯಗಳಿಗೆ ಅನ್ವಯಿಸಿ ಅಲ್ಲಿಗೇ ಮುಗಿಸುತ್ತಾರೆ. ಆಧುನಿಕ ಗದ್ಯಕ್ಕೆ, ಅದರಲ್ಲೂ ಪುಟವೆರಡು ಪುಟದ ಕತೆಗೆ, ಅದು ಇನ್ನೂ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಪರ್ಯಾಯಪದವನ್ನಿಟ್ಟು ನೋಡುವ ಕೆಲಸವನ್ನು ಎರಡು ಭಾಷೆಗಳ ನಡುವೆ ಬದುಕುವವರು ದಿನವೂ ಮಾಡುತ್ತಿರುತ್ತಾರೆ. ಅನುವಾದವೆಂದರೆ ಒಂದರ್ಥದಲ್ಲಿ ಈ ಪರೀಕ್ಷೆಯ ಕಠಿಣ ರೂಪವೇ.

ಉದಾಹರಣೆಗೆ ಸಾದತ್ ಹಸನ್ ಮಾಂಟೋ (1912–1955) ಅವರ ‘ಖೋಲ್ ದೋ’ ಕತೆಯನ್ನು ತೆಗೆದುಕೊಳ್ಳಬಹುದು. ದೇಶವಿಭಜನೆಯ ತರುವಾಯ, 1948ರಲ್ಲಿ, ‘ನುಕೂಶ್’ ಪತ್ರಿಕೆಯಲ್ಲಿ ಈ ಉರ್ದು ಕತೆ ಪ್ರಕಟವಾಯಿತು. ಸರ್ಕಾರ ಆ ಪತ್ರಿಕೆಯ ಪ್ರಕಟಣೆಯನ್ನೇ ಆರು ತಿಂಗಳು ತಡೆಹಿಡಿಯಿತು. ಕತೆ ಕೆಲವೇ ಪುಟಗಳದ್ದು. ಅಮೃತಸರದಿಂದ ಹೊರಟ ರೈಲು ಎಂಟು ಗಂಟೆಗಳ ನಂತರ ಲಾಹೋರಿನ ಹತ್ತಿರದ ಮುಘಲ್‌ಪುರಾ ತಲುಪುತ್ತದೆ. ನಿರಾಶ್ರಿತರ ಶಿಬಿರದಲ್ಲಿ ಕಣ್ಣುಬಿಟ್ಟ ಮುದುಕ ಸಿರಾಜುದ್ದೀನನಿಗೆ ಮಗಳು ಸಕೀನಾ ಎಲ್ಲಿ ಕೈತಪ್ಪಿದಳೆಂಬುದು ನೆನಪಾಗುವುದಿಲ್ಲ. ಓಡುವಾಗ ಅವಳ ದುಪಟ್ಟಾ ಕೆಳಗೆ ಬಿದ್ದದ್ದು, ಬಿಟ್ಟುಬಿಡಿ ಎಂದು ಅವಳು ಕೂಗಿದರೂ ತಾನು ನಿಂತು ಅದನ್ನು ಎತ್ತಿಕೊಂಡದ್ದು ಮಾತ್ರ ನೆನಪಿದೆ. ದುಪಟ್ಟಾ ಕೋಟಿನ ಕಿಸೆಯಲ್ಲಿದೆ, ಮಗಳಿಲ್ಲ. ಲಾರಿ, ಬಂದೂಕು ಇಟ್ಟುಕೊಂಡ ಎಂಟು ಮಂದಿ ಸ್ವಯಂಸೇವಕ ಯುವಕರಿಗೆ ಅವನು ಅವಳ ಗುರುತು ಹೇಳುತ್ತಾನೆ. ಅವರಿಗೆ ಅವಳು ಸಿಗುತ್ತಾಳೆ. ಅವಳನ್ನು ಸಮಾಧಾನಪಡಿಸಿ ಉಣಿಸುತ್ತಾರೆ, ದುಪಟ್ಟಾ ಇಲ್ಲದೆ ಮುಜುಗರಪಡುತ್ತಿದ್ದವಳಿಗೆ ಒಬ್ಬ ತನ್ನ ಕೋಟು ಕೊಡುತ್ತಾನೆ. ಆಮೇಲೆ ದಿನಗಳು ಉರುಳುತ್ತವೆ. ತಂದೆ ಕೇಳಿದಾಗ, ಸಿಗುತ್ತಾಳೆ ಎಂದಷ್ಟೇ ಅವರು ಹೇಳುತ್ತಾರೆ. ಒಂದು ಸಂಜೆ ರೈಲುಹಳಿಯ ಬಳಿ ಪ್ರಜ್ಞೆತಪ್ಪಿ ಬಿದ್ದಿದ್ದ ಹುಡುಗಿಯನ್ನು ಯಾರೋ ಶಿಬಿರದ ಆಸ್ಪತ್ರೆಗೆ ಹೊತ್ತು ತರುತ್ತಾರೆ. ಕೆನ್ನೆಯ ಮಚ್ಚೆಯಿಂದ ತಂದೆ ಅವಳನ್ನು ಗುರುತಿಸುತ್ತಾನೆ. ವೈದ್ಯ ನಾಡಿ ಹಿಡಿದು ನೋಡಿ, ಕಿಟಕಿಯನ್ನು ತೆರೆಯುವಂತೆ ಅವನಿಗೆ ಹೇಳುತ್ತಾನೆ. ಶವದಂತೆ ಬಿದ್ದಿದ್ದ ದೇಹದ ಕೈಗಳು ಚಲಿಸಿ ಸಲ್ವಾರಿನ ಲಾಡಿಯನ್ನು ಬಿಚ್ಚುತ್ತವೆ. ಮಗಳು ಬದುಕಿದ್ದಾಳೆಂದು ತಂದೆ ಸಂತೋಷದಿಂದ ಕೂಗುತ್ತಾನೆ. ವೈದ್ಯ ಅಡಿಯಿಂದ ಮುಡಿಯವರೆಗೆ ಬೆವತುಹೋಗುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಮೇಲಿನ ಸಾರಾಂಶದಲ್ಲಿ ಕನ್ನಡದ ಎರಡು ಕ್ರಿಯಾಪದಗಳನ್ನು ಬಳಸಬೇಕಾಯಿತು: ಕಿಟಕಿಗೆ ‘ತೆರೆ’, ಲಾಡಿಗೆ ‘ಬಿಚ್ಚು’. ಉರ್ದುವಿನಲ್ಲಿ ಎರಡಕ್ಕೂ ‘ಖೋಲ್ನಾ’ ಒಂದೇ. ಕತೆಯ ಶೀರ್ಷಿಕೆಯಲ್ಲಿ ಅದು ಕರ್ಮಪದವಿಲ್ಲದೆ ನಿಂತಿದೆ. ವೈದ್ಯನ ಬಾಯಲ್ಲಿ ಕಿಟಕಿಯನ್ನು ಕರ್ಮವಾಗಿ ಪಡೆಯುತ್ತದೆ. ಮರುಕ್ಷಣ ನಿರೂಪಕನ ಮಾತಿನಲ್ಲಿ ಲಾಡಿಯನ್ನು ಕರ್ಮವಾಗಿ ಪಡೆಯುತ್ತದೆ. ಮೂರು ಬಾರಿ ಬರುವ ಈ ಒಂದು ಧಾತು ಕತೆಯ ಬೆನ್ನೆಲುಬು. ಸಕೀನಾ ಕಳೆದ ದಿನಗಳಲ್ಲಿ ಆ ಆಜ್ಞೆಯನ್ನು ಎಷ್ಟು ಬಾರಿ ಕೇಳಿರಬೇಕೆಂದರೆ, ಅವಳ ಪಾಲಿಗೆ ಆ ಕ್ರಿಯಾಪದಕ್ಕೆ ಬೇರೆ ಕರ್ಮವೇ ಉಳಿದಿಲ್ಲ. ಇದನ್ನು ಮಾಂಟೋ ಎಲ್ಲೂ ಹೇಳುವುದಿಲ್ಲ. ಹೇಳದೆ ತಿಳಿಸುವ ಹೊಣೆ ಪೂರ್ತಿಯಾಗಿ ಆ ಧಾತುವಿನ ಮೇಲಿದೆ. ಶಬ್ದಶಕ್ತಿಮೂಲ ಧ್ವನಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನವನ್ನು ಇಪ್ಪತ್ತನೆಯ ಶತಮಾನದ ಗದ್ಯದಲ್ಲಿ ನಾನು ಕಂಡಿಲ್ಲ.

ಇಂಗ್ಲಿಷಿಗೆ ಹೋದಾಗ ಏನಾಯಿತೆಂಬುದು ಬೋಧಪ್ರದ. ಖಾಲಿದ್ ಹಸನ್ ಅವರ ಅನುವಾದದಲ್ಲಿ ಶೀರ್ಷಿಕೆಯೇ ‘ದಿ ರಿಟರ್ನ್’ ಎಂದು ಬದಲಾಗಿದೆ. ಕಿಟಕಿಯನ್ನು ‘ಓಪನ್’ ಮಾಡುತ್ತಾರೆ, ಲಾಡಿಯನ್ನು ‘ಅನ್‌ಟೈ’ ಮಾಡುತ್ತಾರೆ. ಒಂದೇ ಕ್ರಿಯಾಪದ ಎರಡನ್ನೂ ಸಹಜವಾಗಿ ಹೊರಲಾರದು. ಇನ್ನೊಂದು ತೊಡಕು ಪದಕ್ರಮದ್ದು. ಇಂಗ್ಲಿಷ್ ಆಜ್ಞಾವಾಕ್ಯದಲ್ಲಿ ಕ್ರಿಯಾಪದ ಮೊದಲು, ಕಿಟಕಿ ಆಮೇಲೆ. ವಾಕ್ಯ ಮುಗಿಯುವ ವೇಳೆಗೆ ಯಾವುದನ್ನು ತೆರೆಯಬೇಕೆಂಬ ಸಂಶಯವಿರುವುದಿಲ್ಲ. ಉರ್ದುವಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅರೆಪ್ರಜ್ಞೆಯ ಕಿವಿಯಲ್ಲಿ ಕಡೆಗೆ ಉಳಿಯುವುದು ಆಜ್ಞೆ ಮಾತ್ರ. ಈ ವಿಷಯದಲ್ಲಿ ಕನ್ನಡದ ಅನುವಾದಕ ಇಂಗ್ಲಿಷಿನವನಿಗಿಂತ ಅದೃಷ್ಟವಂತ: ನಮ್ಮ ಕ್ರಿಯಾಪದವೂ ವಾಕ್ಯದ ತುದಿಯಲ್ಲೇ ಕೂರುತ್ತದೆ.

ಧಾತುವಿನ ಮಾತಿಗೆ ಬಂದರೆ ಗಡಿಯಾಚೆಯ ಕನ್ನಡಿಗರ ಅನುಭವ ನೆರವಿಗೆ ಬರುತ್ತದೆ. ಅವರು ಅಕ್ಕಪಕ್ಕದ ಭಾಷೆಯ ಧಾತುಗಳನ್ನು ನಿಘಂಟಿನಿಂದಲ್ಲ, ಬಾಗಿಲಲ್ಲಿ ನಿಂತು ಕೂಗುವವರಿಂದ ಕಲಿತವರು. ಕಾಸರಗೋಡು, ವಯನಾಡುಗಳಲ್ಲಿ ಕೇಳುವ ಮಲಯಾಳದಲ್ಲಿ ಬಾಗಿಲಿಗೆ ‘ತುಱಕ್ಕುಕ’, ಗಂಟಿಗೆ ‘ಅೞಿಕ್ಕುಕ’. ಹೊಸೂರು, ತಾಳವಾಡಿಗಳ ನೆರೆಯ ತಮಿಳಿನಲ್ಲಿ ‘ತಿಱ’ ಮತ್ತು ‘ಅವಿೞ್’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮರಾಠಿಯಲ್ಲಿ ಬಾಗಿಲನ್ನು ‘ಉಘಡಣೆ’, ಲಾಡಿಯನ್ನು ‘ಸೋಡಣೆ’. ಈ ಮೂರೂ ಭಾಷೆಗಳು ಉರ್ದು ಕೂಡಿಸಿಟ್ಟದ್ದನ್ನು ಬೇರ್ಪಡಿಸಿವೆ. ಆದವಾನಿ, ರಾಯದುರ್ಗ ಸೀಮೆಯ ತೆಲುಗಿನಲ್ಲೂ ‘ತೆರುಚು’, ‘ವಿಪ್ಪು’ ಎಂಬ ಭೇದವಿದೆ. ಆದರೆ ಆಡುಮಾತಿನ ‘ತೀಯು’ ಬಾಗಿಲಿಗೂ ಸಲ್ಲುತ್ತದೆ, ಅಂಗಿಗೂ ಸಲ್ಲುತ್ತದೆ. ಇನ್ನು ಆ ಸೀಮೆಯಲ್ಲೂ ಸೊಲ್ಲಾಪುರದಲ್ಲೂ ಪಶ್ಚಿಮ ತೆಲಂಗಾಣದಲ್ಲೂ ದಖ್ಖನಿ ಕೇಳಿ ಬೆಳೆದ ಕನ್ನಡಿಗರಿಗೆ ಈ ಕತೆಯನ್ನು ವಿವರಿಸುವ ಅಗತ್ಯವೇ ಬೀಳದು. ಶೀರ್ಷಿಕೆ ಅವರ ಕಿವಿಗೆ ನೇರವಾಗಿ ಎರಡೂ ಅರ್ಥ ಕೊಡುತ್ತದೆ.

ಕನ್ನಡ ಎಲ್ಲಿ ನಿಲ್ಲುತ್ತದೆ? ಗ್ರಂಥಸ್ಥ ಕನ್ನಡ ತಮಿಳು, ಮಲಯಾಳಗಳ ಜೊತೆ ನಿಲ್ಲುತ್ತದೆ: ‘ತೆರೆ’ ಬೇರೆ, ‘ಬಿಚ್ಚು’ ಬೇರೆ. ಆಡುಗನ್ನಡ ತೆಲುಗಿನ ಜೊತೆ ನಿಲ್ಲುತ್ತದೆ: ‘ಬಾಗಿಲು ತೆಗಿ’ ಎನ್ನುತ್ತೇವೆ, ‘ಅಂಗಿ ತೆಗಿ’ ಎಂದೂ ಎನ್ನುತ್ತೇವೆ. ಆದ್ದರಿಂದ ‘ತೆರೆ’ ಎಂಬ ಶಿಷ್ಟಪದವನ್ನು ಆರಿಸಿಕೊಂಡ ಅನುವಾದಕ ಕತೆಯನ್ನು ಅಲ್ಲೇ ಕಳೆದುಕೊಳ್ಳುತ್ತಾನೆ. ಅಡಿಟಿಪ್ಪಣಿ ಬರೆದು ಆಘಾತವನ್ನು ವಿವರಿಸಬೇಕಾಗುತ್ತದೆ, ವಿವರಿಸಿದ ಆಘಾತ ಆಘಾತವಾಗಿ ಉಳಿಯುವುದಿಲ್ಲ. ‘ತೆಗಿ’ ಎಂಬ ಮನೆಮಾತನ್ನು ಆರಿಸಿಕೊಂಡರೆ ಬಹುಪಾಲು ದಕ್ಕುತ್ತದೆ. ಎಲ್ಲವೂ ದಕ್ಕುವುದಿಲ್ಲ. ಸಕೀನಾಳ ಕೈಗಳು ಮಾಡಿದ್ದನ್ನು ನಿರೂಪಕ ‘ಲಾಡಿ ತೆಗೆದಳು’ ಎಂದರೆ ಲಾಡಿಯನ್ನೇ ಎಳೆದು ಹೊರತೆಗೆದಂತೆ ಕೇಳಿಸುತ್ತದೆ. ಅಲ್ಲಿ ‘ಬಿಚ್ಚಿದಳು’ ಎಂದೇ ಬರೆಯಬೇಕು. ಮೂರು ಕೊಂಡಿಗಳ ಸರಪಳಿಯಲ್ಲಿ ಒಂದು ಕೊಂಡಿ ಕಳಚುತ್ತದೆ. ಈ ನಷ್ಟ ಸಹಿಸಬಹುದಾದದ್ದು. ಏಕೆಂದರೆ ಆಜ್ಞೆ ಮತ್ತು ಅದನ್ನು ಅವಳು ಕೇಳಿಸಿಕೊಂಡ ಬಗೆಯ ನಡುವಣ ದ್ವಂದ್ವ ಅಖಂಡವಾಗಿ ಉಳಿಯುತ್ತದೆ.

ಕನ್ನಡದಲ್ಲಿ ಇನ್ನೊಂದು ಇಕ್ಕಟ್ಟಿದೆ. ಅದು ಧಾತುವಿನದಲ್ಲ, ಪ್ರತ್ಯಯದ್ದು. ಉರ್ದುವಿನ ‘ಖೋಲ್ ದೋ’ ‘ತುಮ್’ ಎಂಬ ನಡುಮಟ್ಟದ ಸಂಬೋಧನೆಗೆ ಸೇರಿದ್ದು. ವೈದ್ಯ ಅಪರಿಚಿತ ಮುದುಕನಿಗೆ ಹಾಗೆ ಹೇಳಬಹುದು, ದುರುಳರು ಹುಡುಗಿಗೂ ಹಾಗೇ ಹೇಳಬಹುದು. ಕನ್ನಡದಲ್ಲಿ ಇರುವುದು ಎರಡೇ ಮೆಟ್ಟಿಲು. ವೈದ್ಯ ತಂದೆಯ ವಯಸ್ಸಿನವನಿಗೆ ‘ತೆಗೀರಿ’ ಎನ್ನಬೇಕು. ಸಕೀನಾ ಕೇಳಿರುವುದು ‘ತೆಗಿ’. ಗೌರವಸೂಚಕ ಪ್ರತ್ಯಯ ಸೇರಿದ ಕೂಡಲೇ ಎರಡು ಆಜ್ಞೆಗಳು ಬೇರೆಯಾಗಿಬಿಡುತ್ತವೆ. ಮರ್ಯಾದೆಯ ಮಾತಿಗೆ ಅವಳ ಕೈ ಏಕೆ ಚಲಿಸಿತು ಎಂಬ ಪ್ರಶ್ನೆ ಏಳುತ್ತದೆ. ವೈದ್ಯನ ಬಾಯಲ್ಲಿ ಏಕವಚನವಿಟ್ಟರೆ ಅವನು ನಿರಾಶ್ರಿತ ಬಡವನನ್ನು ಹಗುರವಾಗಿ ಕಾಣುವವನಾಗುತ್ತಾನೆ, ಮೂಲದಲ್ಲಿಲ್ಲದ ದೋಷ ಅವನಿಗೆ ಅಂಟುತ್ತದೆ. ನನ್ನ ಮಟ್ಟಿಗೆ ‘ತೆಗೀರಿ’ ಸರಿ. ಕಿವಿ ಮೊದಲು ಹಿಡಿಯುವುದು ಧಾತುವನ್ನು; ಪ್ರತ್ಯಯ ಬರುವಷ್ಟರಲ್ಲಿ ಕೈ ಆಗಲೇ ಚಲಿಸಿರುತ್ತದೆ. ಮರ್ಯಾದೆಯ ಪ್ರತ್ಯಯವೂ ಅವಳನ್ನು ತಲುಪದೆಹೋಯಿತು ಎಂಬ ಓದು ಕನ್ನಡದಲ್ಲಿ ಹೊಸದಾಗಿ ಹುಟ್ಟುತ್ತದೆ, ಅದು ಕತೆಗೆ ವಿರೋಧವಾಗಿಲ್ಲ. ಬೇರೆಯವರು ಬೇರೆ ತೀರ್ಮಾನಕ್ಕೆ ಬರಬಹುದು. ಆದರೆ ಈ ಆಯ್ಕೆಯನ್ನು ಯೋಚಿಸದೆ ಮಾಡುವಂತಿಲ್ಲ.

ಇಲ್ಲಿಯವರೆಗೆ ನೋಡಿದ್ದು ಕತೆ ಬಿಡಿಸಿ ಹೇಳದೆಯೂ ಖಚಿತವಾಗಿ ತಿಳಿಸುವ ಅರ್ಥ. ಖಚಿತವಾಗದೆ ಉಳಿಯುವ ಅರ್ಥ ಬೇರೆಯಿದೆ. ಇವೆರಡನ್ನೂ ‘ಸಂದಿಗ್ಧತೆ’ ಎಂಬ ಒಂದೇ ಚೀಲಕ್ಕೆ ಹಾಕುವುದರಿಂದ ತರಗತಿಯಲ್ಲಿ ಗೊಂದಲವಾಗುತ್ತದೆ. ಸಕೀನಾಳ ಮೇಲೆ ಪದೇಪದೇ ಅತ್ಯಾಚಾರ ನಡೆದಿದೆ ಎಂಬುದು ಸಂದಿಗ್ಧವಲ್ಲ. ಮಾಡಿದವರು ಯಾರು ಎಂಬುದನ್ನು ಕತೆ ಹೇಳಿಲ್ಲ, ಆದರೆ ಸಾಕ್ಷ್ಯವನ್ನು ಜೋಡಿಸಿಟ್ಟಿದೆ: ಅವಳನ್ನು ಕಂಡುಹಿಡಿದದ್ದು ಆ ಎಂಟು ಯುವಕರು, ಕಂಡುಹಿಡಿದ ಮೇಲೂ ತಂದೆಗೆ ಹೇಳದೆ ಉಳಿದವರೂ ಅವರೇ. ಮೊದಲ ಓದಿನಲ್ಲಿ ಕರುಣೆಯಾಗಿ ಕಂಡ ಕೋಟು ಎರಡನೆಯ ಓದಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ಅವರು ಸ್ವಧರ್ಮದವರೇ, ರಕ್ಷಕರೇ ಎಂಬುದು ಈ ಕತೆ ಸರ್ಕಾರಕ್ಕೆ ಸಹ್ಯವಾಗದಿರಲು ಮುಖ್ಯ ಕಾರಣವಾಗಿದ್ದಿರಬೇಕು.

ನಿಜವಾಗಿ ಇಬ್ಬಗೆಯಾಗಿರುವುದು ತಂದೆಯ ಕೂಗು. ಅವನಿಗೆ ಅರ್ಥವಾಗಲಿಲ್ಲವೇ? ಅಥವಾ ಅರ್ಥವಾದರೂ, ಮಗಳ ಜೀವದ ಮುಂದೆ ಉಳಿದದ್ದೆಲ್ಲ ಅವನಿಗೆ ಲೆಕ್ಕಕ್ಕೆ ಬರಲಿಲ್ಲವೇ? ಮೊದಲನೆಯ ಓದೇ ಹೆಚ್ಚು ಪ್ರಚಲಿತ: ಮುಗ್ಧ ತಂದೆ, ತಿಳಿದ ವೈದ್ಯ, ಇವರಿಬ್ಬರ ನಡುವೆ ವ್ಯಂಗ್ಯ. ಎರಡನೆಯ ಓದಿಗೆ ಆಧಾರ ಕತೆಯ ಒಳಗೂ ಇದೆ, ಹೊರಗೂ ಇದೆ. ಹೊರಗಿನದು ಚರಿತ್ರೆ. 1947ರ ಮಾರ್ಚ್‌ನಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾದಲ್ಲಿ ಸುಮಾರು 90 ಮಂದಿ ಸಿಖ್ ಹೆಂಗಸರು ಬಾವಿಗೆ ಹಾರಿದರು. ಮಾನ ಉಳಿಸುವ ಹೆಸರಿನಲ್ಲಿ ತಂದೆ, ಅಣ್ಣಂದಿರೇ ಮನೆಯ ಹೆಣ್ಣುಮಕ್ಕಳನ್ನು ಕೊಂದರು. ಅಪಹೃತ ಸ್ತ್ರೀಯರನ್ನು ಮರಳಿ ತರಲು ಭಾರತ 1949ರಲ್ಲಿ ಕಾನೂನನ್ನೇ ಮಾಡಿತು. ಮರಳಿದವರನ್ನು ಒಪ್ಪಿಕೊಳ್ಳದ ಕುಟುಂಬಗಳು ಇದ್ದವು. ಊರ್ವಶಿ ಬುಟಾಲಿಯಾ, ಹಾಗೂ ರಿತು ಮೆನನ್ ಮತ್ತು ಕಮಲಾ ಭಸಿನ್ 1998ರಲ್ಲಿ ಪ್ರಕಟಿಸಿದ ಕೃತಿಗಳಲ್ಲಿ ಇದರ ಮೌಖಿಕ ದಾಖಲೆಗಳಿವೆ. ಇಂಥ ಕಾಲದಲ್ಲಿ ಮಗಳು ಬದುಕಿರುವುದಕ್ಕೆ ಒಬ್ಬ ತಂದೆ ಕೂಗಿ ಸಂತೋಷಪಡುವುದು ಮುಗ್ಧತೆ ಮಾತ್ರವೇ ಆಗಬೇಕಿಲ್ಲ.

ಒಳಗಿನ ಆಧಾರ ದುಪಟ್ಟಾ. ಪ್ರಾಣಭಯದ ಓಟದಲ್ಲೂ ಈ ಮನುಷ್ಯ ನಿಂತು ಮಗಳ ದುಪಟ್ಟಾ ಎತ್ತಿಕೊಂಡವನು. ಮಾನದ ಗುರುತನ್ನು ಉಳಿಸಿಕೊಂಡು ಮಗಳನ್ನು ಕಳೆದುಕೊಂಡವನು. ಕೊನೆಯಲ್ಲಿ ಅದೇ ಮನುಷ್ಯ ಅವಳ ಸಲ್ವಾರನ್ನು ಗಮನಿಸದೆ ಉಸಿರನ್ನು ಮಾತ್ರ ಗಮನಿಸುತ್ತಾನೆ. ಕತೆಯ ಆದಿಯಲ್ಲಿ ತಪ್ಪಿದ ಆಯ್ಕೆ ಅಂತ್ಯದಲ್ಲಿ ತಿರುವುಮುರುವಾಗಿದೆ. ಕೆಲವೇ ಪುಟಗಳ ಕತೆಯಲ್ಲಿ ಕತೆಗಾರ ಸುಮ್ಮನೆ ಒಂದು ಬಟ್ಟೆಗೆ ಅಷ್ಟು ಜಾಗ ಕೊಡುವುದಿಲ್ಲ. ಹಾಗೆಂದು ಎರಡನೆಯ ಓದು ಮೊದಲನೆಯದನ್ನು ರದ್ದುಮಾಡುತ್ತದೆ ಎನ್ನಲಾರೆ. ವೈದ್ಯನ ಬೆವರಿನಿಂದಾಚೆಗೆ ಕತೆ ಏನನ್ನೂ ಹೇಳುವುದಿಲ್ಲ. ಅನುವಾದದಲ್ಲಿ ಈ ಇಬ್ಬಗೆ ಉಳಿಯಬೇಕಾದರೆ ತಂದೆಯ ಕೂಗು ‘ಬದುಕಿದಳು’ ಎಂದಾಗಬಾರದು. ಅದರಲ್ಲಿ ಅಪಾಯದಿಂದ ಪಾರಾದಳೆಂಬ ಅರ್ಥ ಸೇರಿ, ತಂದೆಗೆ ಏನೂ ತಿಳಿಯಲಿಲ್ಲವೆಂಬ ಓದಿನ ಕಡೆಗೆ ತಕ್ಕಡಿ ವಾಲುತ್ತದೆ. ‘ಬದುಕಿದ್ದಾಳೆ’ ಎಂಬುದು ಇರುವ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಅದೇ 1948ರಲ್ಲಿ ಬಂದ ಮಾಂಟೋ ಅವರ ‘ಸಿಯಾಹ್ ಹಾಶಿಯೆ’ ಸಂಕಲನದ ತುಣುಕುಗಳು ಇನ್ನೂ ಕಿರಿದು; ಕೆಲವು ಎರಡು ಮೂರು ಸಾಲು ಮೀರುವುದಿಲ್ಲ. ಅವುಗಳಲ್ಲಿ ‘ಸಾರಿ’ ಎಂಬುದು ಮೇಲಿನ ಪರೀಕ್ಷೆಯ ಮತ್ತೊಂದು ತುದಿಯನ್ನು ತೋರಿಸುತ್ತದೆ. ಚೂರಿ ಹೊಟ್ಟೆಯನ್ನು ಸೀಳುತ್ತ ಹೊಕ್ಕುಳ ಕೆಳಗಿಳಿದು ಪೈಜಾಮದ ಲಾಡಿಯನ್ನು ಕತ್ತರಿಸುತ್ತದೆ. ಕೂಡಲೇ ಇರಿದವನು ಲೊಚಗುಟ್ಟಿ, ಮಿಸ್ಟೇಕ್ ಆಯಿತೆಂದು ಪಶ್ಚಾತ್ತಾಪಪಡುತ್ತಾನೆ. ಅಷ್ಟೇ. ಗಲಭೆಯಲ್ಲಿ ಸುನ್ನತಿಯೇ ಧರ್ಮದ ಗುರುತಾಗಿತ್ತೆಂಬುದನ್ನು ಬಲ್ಲವರಿಗೆ, ಸತ್ತವನು ಕೊಂದವನ ಧರ್ಮದವನೇ ಎಂದು ಹೊಳೆಯುತ್ತದೆ. ಇಲ್ಲಿ ಯಾವ ಪದಕ್ಕೂ ಎರಡರ್ಥವಿಲ್ಲ. ಪದಗಳನ್ನು ಬದಲಿಸಿದರೂ ಸೂಚನೆ ಉಳಿಯುತ್ತದೆ. ಇದು ಅರ್ಥಶಕ್ತಿಮೂಲ. ಆದರೂ ಆ ಇಂಗ್ಲಿಷ್ ಪದ ಮಾಡುವ ಕೆಲಸ ಬೇರೆಯಿದೆ: ಕೊಲೆಯನ್ನು ಕಚೇರಿಯ ಕಾಗದದಲ್ಲಾದ ತಪ್ಪಿನ ಮಟ್ಟಕ್ಕೆ ಇಳಿಸುತ್ತದೆ. ಕನ್ನಡದಲ್ಲಿ ‘ಮಿಸ್ಟೇಕು’ ಅಷ್ಟೇ ಹಗುರವಾಗಿ ಬಳಕೆಯಲ್ಲಿರುವುದರಿಂದ ಅದು ಹಾಗೇ ದಾಟಿಬರುತ್ತದೆ. ಇಂಗ್ಲಿಷಿಗೆ ಹೋದಾಗಲೇ ಆ ಇಂಗ್ಲಿಷ್ ಪದ ತನ್ನ ಪರಕೀಯತೆಯನ್ನು ಕಳೆದುಕೊಳ್ಳುವುದು.

ಈ ತುಣುಕಿನ ಸಂದಿಗ್ಧತೆ ಮತ್ತೊಂದೆಡೆ ಇದೆ, ಅದನ್ನು ಬಹಳ ಓದುಗರು ಗಮನಿಸುವುದೇ ಇಲ್ಲ. ಕೊಂದವನು ಯಾವ ಧರ್ಮದವನು? ಅವನು ಮುಸಲ್ಮಾನನಾದರೆ ಕಂಡದ್ದು ಸುನ್ನತಿಯಾದ ದೇಹ. ಹಿಂದೂ ಅಥವಾ ಸಿಖ್ಖನಾದರೆ ಕಂಡದ್ದು ಸುನ್ನತಿಯಾಗದ ದೇಹ. ಎರಡೂ ಸಮಸಮ ಸಾಧ್ಯ. ಮಾಂಟೋ ಒಂದು ಸುಳಿವನ್ನೂ ಬಿಟ್ಟಿಲ್ಲ. ಆದರೂ ಓದುವಾಗ ಪ್ರತಿಯೊಬ್ಬರೂ ಯಾವುದೋ ಒಂದನ್ನು ಊಹಿಸಿಕೊಂಡೇ ಇರುತ್ತಾರೆ. ತರಗತಿಯಲ್ಲಿ ಈ ಕತೆಯನ್ನು ಓದಿಸಿದ ಮೇಲೆ, ಕೊಂದವನು ಯಾರೆಂದು ಬರೆದುಕೊಡಿ ಎಂದು ಕೇಳಿ, ಆಮೇಲೆ ಅದಕ್ಕೆ ಆಧಾರವಾದ ಪದವನ್ನು ತೋರಿಸಿ ಎಂದು ಕೇಳಬೇಕು. ಆಧಾರ ಪುಟದಲ್ಲಿ ಸಿಗುವುದಿಲ್ಲ.

ನಮ್ಮ ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಹನಿಗತೆ, ನ್ಯಾನೋ ಕತೆಗಳ ಹೆಸರಲ್ಲಿ ಬರುವ ಬಹುಪಾಲು ಬರಹಗಳು ನಕಲಿ ಹಾರದ ಬಗೆಯವು: ಮಾಹಿತಿಯನ್ನು ಮುಚ್ಚಿಟ್ಟು ಕೊನೆಯಲ್ಲಿ ತೋರಿಸುವುದು. ಮೊದಲ ಓದಿನಲ್ಲಿ ಚಪ್ಪಾಳೆ, ಎರಡನೆಯ ಓದಿಗೆ ಏನೂ ಇಲ್ಲ. ಮಗು ತೊಡದೆಹೋದ ಬೂಟುಗಳನ್ನು ಮಾರುವ ಜಾಹೀರಾತಿನ ರೂಪದ ಆರು ಪದಗಳ ಇಂಗ್ಲಿಷ್ ಕತೆ ಮಾದರಿಯೆಂದು ಎಲ್ಲೆಡೆ ತಿರುಗುತ್ತಿದೆ. ಅದನ್ನು ಹೆಮಿಂಗ್ವೇ ಬರೆದನೆಂಬುದಕ್ಕೆ ಆಧಾರವಿಲ್ಲ. ಅವನು ಲೇಖಕನಾಗುವ ಮೊದಲೇ ಅಂಥ ಜಾಹೀರಾತಿನ ಕತೆ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತ್ತು.

ಶಬ್ದಶಕ್ತಿಯ ಸಂದಿಗ್ಧತೆ ಅನುವಾದಕ್ಕೆ ಯಾವಾಗಲೂ ಒಗ್ಗುವುದಿಲ್ಲವೆಂದೂ ಹೇಳುವಂತಿಲ್ಲ. ಮಾಂಟೋ ಅವರದೇ ‘ಟೋಬಾ ಟೇಕ್ ಸಿಂಗ್’ ಅಷ್ಟು ಕಿರಿದಾದ ಕತೆಯಲ್ಲ. ಆದರೆ ಅದರ ಅಂತ್ಯವೂ ಒಂದು ಪದದ ಮೇಲೆ ನಿಂತಿದೆ. ಎರಡು ದೇಶಗಳ ಹುಚ್ಚಾಸ್ಪತ್ರೆಗಳ ನಡುವೆ ರೋಗಿಗಳನ್ನು ಬದಲಾಯಿಸಿಕೊಳ್ಳುವಾಗ, ತನ್ನ ಊರು ಯಾವ ದೇಶದಲ್ಲಿದೆಯೆಂದು ತಿಳಿಯದ ಬಿಶನ್ ಸಿಂಗ್ ಎರಡು ಮುಳ್ಳುತಂತಿಗಳ ನಡುವಿನ ಹೆಸರಿಲ್ಲದ ನೆಲದಲ್ಲಿ ಕುಸಿದು ಬೀಳುತ್ತಾನೆ. ಅಲ್ಲಿ ಬಿದ್ದಿದ್ದುದು ಟೋಬಾ ಟೇಕ್ ಸಿಂಗ್ ಎಂದು ನಿರೂಪಕ ಹೇಳುತ್ತಾನೆ. ಅದು ಊರಿನ ಹೆಸರು. ಆಸ್ಪತ್ರೆಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರೂ ಹೌದು. ಬಿದ್ದದ್ದು ಮನುಷ್ಯನೋ, ಊರೋ? ಅಂಕಿತನಾಮವಾದ್ದರಿಂದ ಈ ದ್ವಂದ್ವ ಯಾವ ಭಾಷೆಗೂ ಸವೆಯದೆ ದಾಟುತ್ತದೆ.

ಕನ್ನಡಕ್ಕೆ ದಾಟಿದಾಗ ಅದಕ್ಕೆ ಇನ್ನಷ್ಟು ಬಲ ಬರುತ್ತದೆಯೆಂದು ನನ್ನ ಅನುಮಾನ. ಊರ ಹೆಸರನ್ನು ಮೈಮೇಲೆ ಹೊತ್ತು ಬದುಕುವುದು ನಮ್ಮಲ್ಲಿ ವಾಡಿಕೆ. ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರಿನ ಮೊದಲ ಪದ ಕಾಸರಗೋಡಿನ ಒಂದು ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಊರು ಕೇರಳಕ್ಕೆ ಸೇರಿತು, ಹೆಸರು ಕನ್ನಡ ಸಾಹಿತ್ಯಚರಿತ್ರೆಯಲ್ಲೇ ಉಳಿಯಿತು. ಪಂಜಾಬಿನ ರಕ್ತಪಾತಕ್ಕೂ ಆಡಳಿತಾತ್ಮಕ ಗಡಿರೇಖೆಗೂ ಹೋಲಿಕೆಯೇ ಇಲ್ಲ, ಆ ಹೋಲಿಕೆ ಮಾಡುವುದು ಎರಡಕ್ಕೂ ಅನ್ಯಾಯ. ಆದರೆ ಒಂದು ಹೆಸರು ಊರನ್ನೂ ಮನುಷ್ಯನನ್ನೂ ಏಕಕಾಲಕ್ಕೆ ಸೂಚಿಸುವಾಗ ವಾಕ್ಯದ ಕ್ರಿಯಾಪದ ಯಾವುದಕ್ಕೆ ಹೊಂದಿಕೊಳ್ಳಬೇಕೆಂಬ ಪ್ರಶ್ನೆ ಕನ್ನಡದ ಅನುವಾದಕನನ್ನು ಕಾಡದೆ ಬಿಡದು. ‘ಬಿದ್ದಿದ್ದ’ ಎಂದರೆ ಮನುಷ್ಯ, ‘ಬಿದ್ದಿತ್ತು’ ಎಂದರೆ ಊರು. ಉರ್ದು ಕ್ರಿಯಾಪದದಲ್ಲಿ ಪುಲ್ಲಿಂಗವೊಂದೇ ಎರಡಕ್ಕೂ ಸಾಲುತ್ತದೆ. ಕನ್ನಡದ ನಪುಂಸಕಲಿಂಗ ಒಂದನ್ನು ಆರಿಸಲೇಬೇಕೆಂದು ಹಠಹಿಡಿಯುತ್ತದೆ. ಕ್ರಿಯಾಪದವನ್ನೇ ಕೈಬಿಟ್ಟು, ಹೆಸರನ್ನು ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಲ್ಲಿಸುವುದೊಂದೇ ನನಗೆ ಕಾಣುವ ದಾರಿ.